ಯಾವ ಮೈಸೂರು? ವಿಕಿಪೀಡಿಯದಲ್ಲಿ ಸೇನಾ ಘಟಕಗಳಿಗೆ ವರ್ಗ ಹಾಕುವ ಕೆಲಸ

ಕಳೆದ ಮಳೆಗಾಲದಲ್ಲಿ ಇತಿಹಾಸ ಸಂಘದ ನಾವು ಐದು ಮಂದಿ ಕನ್ನಡ ವಿಕಿಪೀಡಿಯಕ್ಕೆ ಪುಟಗಳನ್ನು ಬರೆಯಲು ಕುಳಿತೆವು. ವಿಷಯ ಹಂಚುವಾಗ ನನ್ನ ಪಾಲಿಗೆ ಬಂದದ್ದು ಸೈನ್ಯ. ಮೈಸೂರು ಲ್ಯಾನ್ಸರ್ಸ್, ಮೈಸೂರು ಪದಾತಿದಳ, ಟಿಪ್ಪು ಸುಲ್ತಾನರ ಕುಶೂನ್‌ಗಳು, ಹೀಗೆ ಒಂದೊಂದಕ್ಕೂ ಒಂದು ಚಿಕ್ಕ ಪುಟ ಬರೆದೆ. ಮುಗಿದ ಮೇಲೆ ಎಲ್ಲ ಪುಟಗಳ ಕೊನೆಗೂ ಒಂದೇ ಸಾಲು ಸೇರಿಸಿದೆ: [[ವರ್ಗ:ಮೈಸೂರು ಸೈನ್ಯ]]. ಕೆಲಸ ಆಯಿತೆಂದು ಮನೆಗೆ ಹೋದೆ. ಮರುದಿನ ನನ್ನ ಚರ್ಚೆ ಪುಟದಲ್ಲಿ ಹಿರಿಯ ಸಂಪಾದಕರೊಬ್ಬರು ಎರಡೇ ಪದ ಬರೆದಿದ್ದರು: "ಯಾವ ಮೈಸೂರು?"

ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಒಂದು ವಾರ ಬೇಕಾಯಿತು. ಆ ವಾರದಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು, ವರ್ಗ ಎಂದರೆ ಏನು? ನನ್ನ ಉಪ್ಪನಿಗೆ ಬಂದರಿನಲ್ಲಿ ದಿನಸಿ ಅಂಗಡಿ ಉಂಟು. ಅಲ್ಲಿ ಒಂದು ಮೂಟೆ ಮೆಣಸು ಒಂದೇ ಕಡೆ ಇರಲು ಸಾಧ್ಯ, ಒಂದೋ ಗೋದಾಮು, ಒಂದೋ ಅಂಗಡಿ. ವಿಕಿಪೀಡಿಯದ ಪುಟ ಹಾಗಲ್ಲ. ಒಂದೇ ಪುಟವನ್ನು ನಾಲ್ಕು ವರ್ಗಗಳಲ್ಲಿ ಇಡಬಹುದು. ಪುಟದ ಕೊನೆಗೆ ವರ್ಗದ ಹೆಸರನ್ನು ಎರಡೆರಡು ಚೌಕ ಆವರಣದೊಳಗೆ ಬರೆದರೆ ಸಾಕು, ಆ ವರ್ಗದ ಪಟ್ಟಿಯಲ್ಲಿ ಪುಟ ತಾನಾಗಿ ಕಾಣಿಸಿಕೊಳ್ಳುತ್ತದೆ. ವರ್ಗದ ಪುಟಕ್ಕೂ ಹೀಗೆಯೇ ಇನ್ನೊಂದು ವರ್ಗ ಹಾಕಿದರೆ ಅದು ಉಪವರ್ಗವಾಗುತ್ತದೆ. ಪುಟವನ್ನು ಉಪವರ್ಗದಲ್ಲಿ ಇಟ್ಟ ಮೇಲೆ ಸಾಮಾನ್ಯವಾಗಿ ಅದರ ಮೇಲಿನ ವರ್ಗದಲ್ಲಿ ಮತ್ತೆ ಇಡುವುದಿಲ್ಲ, ಇಲ್ಲದಿದ್ದರೆ ಮೇಲಿನ ಪಟ್ಟಿ ಸಂತೆಯಾಗುತ್ತದೆ. ಒಂದು ವರ್ಗದೊಳಗೆ ಇನ್ನೊಂದು, ಅದರೊಳಗೆ ಮತ್ತೆ ಮೊದಲಿನದು ಎಂದು ಸುತ್ತು ಹಾಕಿಸುವುದೂ ತಪ್ಪು. ನಾನು ಅದನ್ನೂ ಮಾಡಿದ್ದೆ, ಆ ಕಥೆ ಬೇಡ.

ಇನ್ನು ಮೈಸೂರಿನ ವಿಷಯ. ಟಿಪ್ಪು ಸುಲ್ತಾನರ ಸೇನೆ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಹೋರಾಡಿ 1799ರಲ್ಲಿ ಶ್ರೀರಂಗಪಟ್ಟಣದ ಜೊತೆಗೆ ಮುಗಿಯಿತು. ಮೈಸೂರು ಲ್ಯಾನ್ಸರ್ಸ್ ಒಡೆಯರ ಸಂಸ್ಥಾನದ ಅಶ್ವದಳ. ಅದು ಬ್ರಿಟಿಷರ ಪರವಾಗಿ ಮೊದಲ ಮಹಾಯುದ್ಧಕ್ಕೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿಯುವುದರಲ್ಲಿ ಜೋಧಪುರ ಲ್ಯಾನ್ಸರ್ಸ್ ಜೊತೆಗಿತ್ತು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳ ಸವಾರರ ನೆನಪಿಗೆ ನಿಂತವು. ಒಂದು ಸೇನೆ ಬ್ರಿಟಿಷರ ಎದುರು ಸತ್ತದ್ದು, ಇನ್ನೊಂದು ಬ್ರಿಟಿಷರ ಬ್ರಿಗೇಡಿನೊಳಗೆ ಕಾದಾಡಿದ್ದು. ಎರಡನ್ನೂ "ಮೈಸೂರು ಸೈನ್ಯ" ಎಂದು ಒಂದೇ ಪಟ್ಟಿಯಲ್ಲಿ ಇಟ್ಟರೆ, ಓದುವ ಮಗುವಿಗೆ ಅವು ಒಂದೇ ಸೇನೆಯ ಎರಡು ತುಕಡಿಗಳಂತೆ ಕಾಣುತ್ತವೆ. ಪುಟದೊಳಗೆ ಒಂದೂ ಸುಳ್ಳು ವಾಕ್ಯ ಬರೆಯದೆ ನಾನು ಸುಳ್ಳು ಹೇಳಿದ್ದೆ.

ಆದ್ದರಿಂದ ಆ ವರ್ಗವನ್ನು ಎರಡಾಗಿ ಒಡೆದೆ: "ಮೈಸೂರು ಸುಲ್ತಾನರ ಕಾಲದ ಸೇನಾ ಘಟಕಗಳು" ಮತ್ತು "ಮೈಸೂರು ಸಂಸ್ಥಾನದ ಸೇನಾ ಘಟಕಗಳು". ಒಡೆಯುವಾಗ ಇನ್ನೊಂದು ಪಾಠವಾಯಿತು. ವರ್ಗದ ಹೆಸರು ಪ್ರತಿ ಪುಟದ ಪಠ್ಯದಲ್ಲೇ ಇರುವುದರಿಂದ ಹೆಸರು ಬದಲಿಸಬೇಕಾದರೆ ಪುಟಗಳನ್ನು ಒಂದೊಂದಾಗಿ ತಿದ್ದಬೇಕು. ಹಾಟ್‌ಕ್ಯಾಟ್ ಎಂಬ ಉಪಕರಣ ಉಂಟು, ಅದರಿಂದ ಕೆಲಸ ಬೇಗ ಆಗುತ್ತದೆ. ಅದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಆಗ ಗೆಳೆಯನೊಬ್ಬ, "ಕುಶೂನ್‌ಗಳನ್ನು ಮುಸ್ಲಿಂ ಸೈನ್ಯಗಳು ಎಂಬ ವರ್ಗಕ್ಕೂ ಹಾಕು ಮಾರಾಯ, ಚೆಂದ ಕಾಣುತ್ತದೆ" ಎಂದ. ನನಗೂ ಹೌದೆನಿಸಿತು. ಇತಿಹಾಸದ ಮೇಡಂ ಬೇಡವೆಂದರು. ಸುಲ್ತಾನರ ಸೇನೆಯಲ್ಲಿ ಹಿಂದೂಗಳೂ ಇದ್ದರು, ಅವರ ಮುಖ್ಯ ಮಂತ್ರಿಗಳಲ್ಲಿ ಪೂರ್ಣಯ್ಯನವರೂ ಒಬ್ಬರು. ಅರಸನ ಧರ್ಮವನ್ನು ಸಿಪಾಯಿಯ ತಲೆಗೆ ಕಟ್ಟುವ ವರ್ಗವನ್ನು ಇಂದು ಅಭಿಮಾನದಿಂದ ನಾವು ಹಾಕಿದರೆ, ನಾಳೆ ದ್ವೇಷದಿಂದ ಇನ್ನೊಬ್ಬ ಅದೇ ವರ್ಗವನ್ನು ಬಳಸುತ್ತಾನೆ. ಘಟಕ ಯಾವ ರಾಜ್ಯದ್ದು, ಯಾವ ಬಗೆಯದು, ಯಾವ ಯುದ್ಧದಲ್ಲಿತ್ತು, ಯಾವ ವರ್ಷ ಕಟ್ಟಿದ್ದು, ಯಾವ ವರ್ಷ ವಿಸರ್ಜನೆಯಾದದ್ದು, ಇಷ್ಟಕ್ಕೆ ಪುಸ್ತಕದಲ್ಲಿ ಆಧಾರ ಸಿಗುತ್ತದೆ. ವರ್ಗವೂ ಅಷ್ಟಕ್ಕೇ ಸಾಕು.

ಬಗೆ ಎಂದರೆ ಅಶ್ವದಳ, ಪದಾತಿದಳ, ಫಿರಂಗಿ ದಳ ಇತ್ಯಾದಿ. ಅದು ಸುಲಭ. ಗಾತ್ರವೇ ಕಷ್ಟ. ಭಾರತದ ಪದಾತಿದಳದಲ್ಲಿ ರೆಜಿಮೆಂಟ್ ಎಂದರೆ ಯುದ್ಧಕ್ಕೆ ಒಟ್ಟಿಗೆ ಹೋಗುವ ಪಡೆಯಲ್ಲ, ಅದು ಹಲವು ಬೆಟಾಲಿಯನ್‌ಗಳ ಕುಟುಂಬ. ಮದ್ರಾಸ್ ರೆಜಿಮೆಂಟ್ ಹಾಗೆ. ಅಶ್ವದಳದಲ್ಲಿ ಮತ್ತು ಟ್ಯಾಂಕ್ ಪಡೆಯಲ್ಲಿ ರೆಜಿಮೆಂಟ್ ಎಂದರೆ ಹೆಚ್ಚುಕಡಿಮೆ ಒಂದು ಬೆಟಾಲಿಯನ್‌ನಷ್ಟೇ. ಹೆಸರು ನೋಡಿ ಎರಡನ್ನೂ "ರೆಜಿಮೆಂಟುಗಳು" ವರ್ಗಕ್ಕೆ ಹಾಕಿದರೆ ಆನೆ ಮತ್ತು ಆಡನ್ನು ಒಂದೇ ತಕ್ಕಡಿಗೆ ಹಾಕಿದಂತೆ. ಟಿಪ್ಪು ಸುಲ್ತಾನರ ಸೇನೆಯಲ್ಲಂತೂ ದೊಡ್ಡ ವಿಭಾಗದ ಹೆಸರೇ ಕಚೇರಿ, ಅದರೊಳಗೆ ಕುಶೂನ್‌ಗಳು. ನಮ್ಮ ತಂಡದ ಒಬ್ಬಳು ಕಚೇರಿಯ ಪುಟಕ್ಕೆ "ಸರ್ಕಾರಿ ಕಚೇರಿಗಳು" ಎಂಬ ವರ್ಗ ಹಾಕಿ ನಮ್ಮನ್ನೆಲ್ಲ ನಗಿಸಿದಳು.

ಎಲ್ಲಕ್ಕಿಂತ ತಲೆ ತಿಂದದ್ದು ನಮ್ಮ ಊರಿನದೇ ಪ್ರಶ್ನೆ. 1783ರ ಮೇ ತಿಂಗಳಿಂದ 1784ರ ಜನವರಿ ಕೊನೆಯವರೆಗೆ ಟಿಪ್ಪು ಸುಲ್ತಾನರು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದರು. ಒಳಗೆ ಇದ್ದದ್ದು ಕರ್ನಲ್ ಕ್ಯಾಂಪ್‌ಬೆಲ್ಲನ ಕೈಕೆಳಗೆ ಸ್ಕಾಟ್ಲೆಂಡಿನ 42ನೇ ಹೈಲ್ಯಾಂಡರ್ಸ್‌ನ ಎರಡನೇ ಬೆಟಾಲಿಯನ್ ಮತ್ತು ಬಾಂಬೆಯ ಸಿಪಾಯಿಗಳು. ಹಸಿವು, ರೋಗ ತಾಳಲಾರದೆ ಕೋಟೆ ಬಿಟ್ಟರು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಬೋಳೂರಿನ ಸುಲ್ತಾನ್ ಬತ್ತೇರಿ ಕಟ್ಟಿದ್ದೂ ಆ ವರ್ಷದಲ್ಲೇ. ಆ ಸ್ಕಾಟಿಷ್ ಬೆಟಾಲಿಯನ್ 1786ರಲ್ಲಿ 73ನೇ ರೆಜಿಮೆಂಟ್ ಆಯಿತು, 1881ರಲ್ಲಿ ಮತ್ತೆ 42ನೇ ರೆಜಿಮೆಂಟಿನ ಜೊತೆ ಸೇರಿ ಬ್ಲ್ಯಾಕ್ ವಾಚ್ ಆಯಿತು, 2006ರಲ್ಲಿ ರಾಯಲ್ ರೆಜಿಮೆಂಟ್ ಆಫ್ ಸ್ಕಾಟ್ಲೆಂಡ್‌ನೊಳಗೆ ಸೇರಿತು. "ಮಂಗಳೂರು" ಎಂಬುದು ಅವರ ಯುದ್ಧಗೌರವಗಳಲ್ಲಿ ಒಂದು. ಬಾಂಬೆಯ ಆ ಸಿಪಾಯಿಗಳ ಪರಂಪರೆ ಇಂದಿನ ಭಾರತೀಯ ಸೇನೆಯ ಗ್ರೆನೇಡಿಯರ್ಸ್‌ನಲ್ಲಿ ಉಂಟು, ಅವರಿಗೂ ಇದೇ ಗೌರವ.

ನಾಲ್ಕು ಹೆಸರು, ಒಂದೇ ಘಟಕ. ಒಂದು ಪುಟವೋ, ನಾಲ್ಕೋ? ಅರಳಿ ಕಟ್ಟೆಯಲ್ಲಿ ಕೇಳಿದೆ. ವಿಕಿಪೀಡಿಯದಲ್ಲಿ ಎಲ್ಲರೂ ಕೂತು ಚರ್ಚಿಸುವ ಪುಟಕ್ಕೆ ಹಾಗೆಂದೇ ಹೆಸರು. ಸಿಕ್ಕಿದ ಉತ್ತರ ನನಗೆ ಸರಿ ಕಂಡಿತು: ಬರೆಯಲು ಸಾಕಷ್ಟು ಇರುವ ಹೆಸರಿಗೆ ಪುಟ, ಉಳಿದ ಹೆಸರುಗಳಿಂದ ಅಲ್ಲಿಗೆ ಪುನರ್ನಿರ್ದೇಶನ. ಇಸವಿಯ ವರ್ಗ ಮಾತ್ರ ಆಯಾ ಪುಟದ ಘಟಕದ ಹುಟ್ಟು ಮತ್ತು ಕೊನೆಗೆ ಹೊಂದಬೇಕು. ಮೈಸೂರು ಲ್ಯಾನ್ಸರ್ಸ್‌ಗೂ ಇದೇ ಲೆಕ್ಕ. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಕುದುರೆ ಪಡೆಗಳನ್ನು ಸೇರಿಸಿ ಕಟ್ಟಿದ 61ನೇ ಕ್ಯಾವಲ್ರಿಯಲ್ಲಿ ಅದು ಮುಂದುವರಿಯಿತು, ಆದರೆ 61ನೇ ಕ್ಯಾವಲ್ರಿಗೆ ಹೈಫಾ ಯುದ್ಧದ ವರ್ಗ ಹಾಕುವಂತಿಲ್ಲ, 1918ರಲ್ಲಿ ಅದು ಹುಟ್ಟಿಯೇ ಇರಲಿಲ್ಲ. ಪುಟದೊಳಗೆ ಸಂಬಂಧ ಹೇಳಿದರೆ ಆಯಿತು. ಮೈಸೂರು ಪದಾತಿದಳ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆದದ್ದಕ್ಕೂ ಹಾಗೆಯೇ.

ಒಂದು ವಿಷಯದಲ್ಲಿ ನಮ್ಮೊಳಗೆ ಇನ್ನೂ ಜಗಳ ಉಂಟು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಬೆಳಗಾವಿಯಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ. ಅವು "ಕರ್ನಾಟಕದ ಸೇನಾ ಘಟಕಗಳು" ಆಗುತ್ತವೆಯೇ? ನನ್ನ ಪ್ರಕಾರ ಇಲ್ಲ. ತರಬೇತಿ ಕೇಂದ್ರದ ಪುಟ ಇದ್ದರೆ ಅದಕ್ಕೆ ಕರ್ನಾಟಕದ ವರ್ಗ ಹಾಕಬಹುದು, ರೆಜಿಮೆಂಟಿಗೆ ಅಲ್ಲ. ತಂಡದ ಇಬ್ಬರು ಒಪ್ಪಿಲ್ಲ.

ಗ್ರೆನೇಡಿಯರ್ಸ್ ಪುಟದ ಮಂಗಳೂರಿನ ಭಾಗ ಬರೆಯುವುದು ಬಾಕಿ ಉಂಟು. ಶನಿವಾರ ಮಧ್ಯಾಹ್ನ ಊಟದ ನಂತರ ಕಂಪ್ಯೂಟರ್ ಲ್ಯಾಬ್‌ನಲ್ಲಿ ಕೂರುತ್ತೇವೆ. ಬರುವವರು ಮೊದಲೇ ಖಾತೆ ತೆರೆದುಕೊಂಡು, ಪ್ರಯೋಗಪುಟದಲ್ಲಿ ಒಂದು ವರ್ಗ ಹಾಕಿ, ತೆಗೆದು ಅಭ್ಯಾಸ ಮಾಡಿಕೊಂಡು ಬನ್ನಿ.