ಬೋರ್ಡು ಬೇರೆ, ಬಸ್ಸು ಬೇರೆ!

ಬೆಂಗಳೂರು ಅಂತ ಬೋರ್ಡು ನೋಡಿ ಹತ್ತಿದ ಬಸ್ಸು ಗುಬ್ಬಿ ಕಡೆ ತಿರುಗಿದರೆ ಏನು ಮಾಡ್ತೀರಿ? ಕಂಡಕ್ಟರಿಗೆ ಹೇಳಿ ಮುಂದಿನ ಸ್ಟಾಪಿನಲ್ಲಿ ಇಳೀತೀರಿ. ಆದರೆ ಬೋರ್ಡು ಬದಲಾಯಿಸಿದ ಸಾಮಾನನ್ನು ದುಡ್ಡು ಕೊಟ್ಟು ಮನೆಗೆ ತಂದರೆ ಇಳಿಯೋದಕ್ಕೆ ಸ್ಟಾಪೇ ಇಲ್ಲ. ನಮ್ಮ ತುಮಕೂರಿನ ಫೋಟೋ ಸ್ಟುಡಿಯೋ ಮಾಲೀಕರೊಬ್ಬರು ಈಗ ಅಂಥ ಬಸ್ಸಿನಲ್ಲಿ ಕೂತಿದ್ದಾರೆ.

ಅವರು ಕೊಂಡದ್ದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರಿನ ತೆರೆಯ ಮೇಲೆ ಚಿತ್ರ ಮೂಡಿಸೋ ಭಾಗ ಅದು. ಮದುವೆ ವಿಡಿಯೋ ಕತ್ತರಿಸಿ ಜೋಡಿಸೋ ಕೆಲಸಕ್ಕೆ ಅದಿಲ್ಲದೆ ನಡೆಯೋದಿಲ್ಲ. ಬೆಂಗಳೂರಿನ ಒಂದು ಅಂಗಡಿಯವರು ‘ಎನ್‌ವಿಡಿಯಾ ಜಿಟಿಎಕ್ಸ್ 1050 ಟಿಐ, 4 ಜಿಬಿ’ ಅಂತ ಹೇಳಿ 4,800 ರೂಪಾಯಿಗೆ ಕೊಟ್ಟರು. ಮೇಲೆ ಸ್ಟಿಕ್ಕರು ಇತ್ತು, ಕಂಪ್ಯೂಟರಿಗೆ ಹಾಕಿದಾಗ ಹೆಸರೂ ಹಾಗೇ ಬಂತು. ಇನ್ನೇನು ಬೇಕು ಸ್ವಾಮಿ?

ಎರಡು ವಾರದ ಪಡಿಪಾಟಲು

ಫೋಟೋ ತೆಗೆದು ನೋಡಿದರೆ ಸರಿ. ಹಾಡು, ಸಿನಿಮಾ ಹಾಕಿದರೂ ಸರಿ. ಮುಹೂರ್ತದ ವಿಡಿಯೋ ಸಿದ್ಧ ಮಾಡೋಕೆ ಕೂತರೆ ಮಾತ್ರ ಅರ್ಧ ದಾರಿಯಲ್ಲಿ ತೆರೆ ತುಂಬಾ ಬಣ್ಣಬಣ್ಣದ ಗೆರೆ, ಆಮೇಲೆ ಕತ್ತಲೆ. ಹುಡುಗಿ ಕಡೆಯವರು ದಿನಾ ಬಂದು ಬೆಂಚಿನ ಮೇಲೆ ಕೂರೋರು. “ಇವತ್ತಾದ್ರೂ ಆಯ್ತೇನ್ರೀ?” ಅನ್ನೋರು. ಮಾಲೀಕರು ಮೊದಲು ಧೂಳು ಊದಿದರು, ಕೇಬಲ್ ಬದಲಾಯಿಸಿದರು. ಪವರ್ ಸಪ್ಲೈ ಹೊಸದು ತಂದರು. ವಿಂಡೋಸ್ ಮತ್ತೆ ಹಾಕಿಸಿದರು. ಗೆರೆ ಹೋಗಲಿಲ್ಲ, ದುಡ್ಡು ಹೋಯಿತು.

ಕೊನೆಗೆ ಪಕ್ಕದ ಬೀದಿಯ ರಿಪೇರಿ ಹುಡುಗ ಬಂದ. ಕಾರ್ಡನ್ನು ಹೊರಗೆ ತೆಗೆದು, ಹಿಂದುಮುಂದು ತಿರುಗಿಸಿ ನೋಡಿದ.

“ಅಣ್ಣಾ, ಇದಕ್ಕೆ ನೀಲಿ ವಿಜಿಎ ಕಿಂಡಿ ಯಾಕಿದೆ?”

“ಇದ್ರೆ ಒಳ್ಳೇದೇ ಅಲ್ವೇನಪ್ಪಾ? ಹಳೇ ಮಾನಿಟರೂ ಹಾಕ್ಬೋದು.”

“ಅದೇ ಅಣ್ಣಾ ಅನುಮಾನ. 1050 ಟಿಐ ಚಿಪ್ಪಿಂದ ವಿಜಿಎ ಬರೋದೇ ಇಲ್ಲ.”

ಹೆಸರು ಇರೋದು ಎಲ್ಲಿ?

ಪ್ರತಿ ಕಾರ್ಡಿನ ಮೇಲೂ ಒಂದು ಪುಟ್ಟ ಚಿಪ್ಪಿನಲ್ಲಿ ಬಯಾಸ್ ಅನ್ನೋ ಬರಹ ಇರುತ್ತೆ. ‘ನಾನು ಇಂಥ ಮಾದರಿ, ನನ್ನ ಮೆಮೊರಿ ಇಷ್ಟು’ ಅಂತ ಕಂಪ್ಯೂಟರಿಗೆ ಹೇಳೋದು ಅದೇ. ಆ ಬರಹವನ್ನು ಅಳಿಸಿ ಬೇರೆ ಬರೆಯಬಹುದು. ಹಳೇ ಕಾರ್ಡಿಗೆ ಹೊಸ ಹೆಸರು ಬರೆದು, ಮೇಲೊಂದು ಹೊಸ ಸ್ಟಿಕ್ಕರು ಅಂಟಿಸಿದರೆ ಮುಗೀತು; ಕಂಪ್ಯೂಟರೂ ನಂಬುತ್ತೆ, ಕೊಳ್ಳೋವನೂ ನಂಬ್ತಾನೆ.

ಹುಡುಗ ಜಿಪಿಯು-ಝಡ್ ಅನ್ನೋ ಪುಕ್ಕಟೆ ತಂತ್ರಾಂಶ ಹಾಕಿದ. ಅದು ಬಯಾಸಿನ ಮಾತನ್ನಷ್ಟೇ ಕೇಳೋದಿಲ್ಲ, ಚಿಪ್ಪನ್ನೇ ವಿಚಾರಿಸುತ್ತೆ. ಎನ್‌ವಿಡಿಯಾದ ಹಳೇ ಚಿಪ್ಪಿಗೆ ಹೊಸ ಹೆಸರು ಅಂಟಿಸಿದ್ದರೆ, 2018ರಿಂದ ಬಂದ ಆವೃತ್ತಿಗಳು ಹೆಸರಿನ ಮುಂದೆ ‘ಫೇಕ್’ ಅಂತ ಬರೆದು ತೋರಿಸ್ತವೆ. ಇಲ್ಲೂ ತೋರಿಸಿತು. ಫ್ಯಾನು, ಹೀಟ್ ಸಿಂಕು ಬಿಚ್ಚಿ ಪೇಸ್ಟು ಒರೆಸಿದರೆ ಚಿಪ್ಪಿನ ಮೇಲೆ ಕೆತ್ತಿದ್ದು ಜಿಎಫ್ 106. ಅಸಲಿ 1050 ಟಿಐ ಆಗಿದ್ದರೆ ಜಿಪಿ 107 ಅಂತ ಇರಬೇಕಿತ್ತು.

ಅಂದರೆ ಅದು 2010ರಲ್ಲಿ ಬಂದ ಜಿಟಿಎಸ್ 450. ಮಾಲೀಕರು ಕೇಳಿದ್ದು 2016ರ ಮಾಲು. ಕೇಳಿದ್ದರಲ್ಲಿ ಲೆಕ್ಕ ಮಾಡೋ ಕೋರುಗಳು 768, ಸಿಕ್ಕಿದ್ದರಲ್ಲಿ 192. ಮೆಮೊರಿ 4 ಜಿಬಿ ಅಂತ ಬಯಾಸು ಹೇಳುತ್ತೆ, ಇರೋದು 1 ಜಿಬಿ. ಸಣ್ಣ ಕೆಲಸಕ್ಕೆ ಒಂದು ಜಿಬಿ ಸಾಕು, ಹಾಗಾಗಿ ಫೋಟೋ ತೆರೆದಾಗ ತೊಂದರೆ ಇಲ್ಲ. ವಿಡಿಯೋ ಕೆಲಸ ಒಂದು ಜಿಬಿ ದಾಟಿತೋ, ಇಲ್ಲದ ಜಾಗಕ್ಕೆ ಸಾಮಾನು ಇಳಿಸಿದ ಹಾಗೆ. ಗೆರೆ ಬಂದದ್ದು ಅದಕ್ಕೇ, ಕತ್ತಲೆ ಆದದ್ದೂ ಅದಕ್ಕೇ.

ಇನ್ನೆರಡು ಸುಳಿವು ಮೊದಲೇ ಕಣ್ಣೆದುರು ಇತ್ತು. ಅಸಲಿ 1050 ಟಿಐ 75 ವ್ಯಾಟಿನ ಕಾರ್ಡು, ಬಹಳಷ್ಟಕ್ಕೆ ಬೇರೆ ವಿದ್ಯುತ್ ತಂತಿಯೇ ಬೇಡ. ಜಿಟಿಎಸ್ 450 ಕೇಳೋದು 106 ವ್ಯಾಟು, ಆರು ಪಿನ್ನಿನ ತಂತಿ ಬೇಕು. ಎರಡನೇದು, ಅಂಗಡಿಯವರು ಒಂದು ಸಿ.ಡಿ. ಕೊಟ್ಟು “ಡ್ರೈವರ್ ಇದ್ರಿಂದ್ಲೇ ಹಾಕಿ, ಕಂಪೆನಿದು ಹಾಕ್ಬೇಡಿ” ಅಂದಿದ್ದರು. ತಯಾರಕರ ಡ್ರೈವರು ಬೇಡ ಅಂದ ಕಡೆ ಒಂದು ಹೆಜ್ಜೆ ಹಿಂದೆ ಸರಿಯೋದು ಕ್ಷೇಮ.

ಎಲ್ಲವೂ ಮೋಸವಲ್ಲ

ಹಾಗಂತ ಗೆರೆ ಬಂದ ಕಾರ್ಡೆಲ್ಲ ನಕಲಿ ಅನ್ನಬೇಡಿ. ಧೂಳು, ಒಣಗಿದ ಪೇಸ್ಟು, ಸಡಿಲ ತಂತಿ, ಹಳೇ ಡ್ರೈವರು, ಇವೂ ಅದೇ ತೊಂದರೆ ಕೊಡ್ತವೆ.

ಇನ್ನೊಂದು ಜಾತಿ ಇದೆ, ತಿದ್ದಿದ ಕಾರ್ಡು. ಎಥೀರಿಯಂ ಅನ್ನೋ ಡಿಜಿಟಲ್ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡಿನಿಂದ ಗಳಿಸೋದು 2022ರ ಸೆಪ್ಟೆಂಬರ್ 15ಕ್ಕೆ ನಿಂತುಹೋಯಿತು. ಹಗಲೂ ರಾತ್ರಿ ದುಡಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದವು. ಎಎಂಡಿಯ ಆರ್‌ಎಕ್ಸ್ 470, 570, 580 ಕಾರ್ಡುಗಳಲ್ಲಿ ಗಳಿಕೆ ಹೆಚ್ಚಲಿ ಅಂತ ಬಯಾಸಿನಲ್ಲಿ ಮೆಮೊರಿಯ ವೇಗ ತಿದ್ದಿದ್ದೂ ಇತ್ತು. ಇಂಥದ್ದಕ್ಕೆ ಮದ್ದಿದೆ. ಅದೇ ಕಾರ್ಡಿನ ಮೂಲ ಬಯಾಸು ಮತ್ತೆ ಬರೆಸಿದರೆ ಸರಿಹೋಗಬಹುದು. ಕೆಲವಕ್ಕೆ ಎರಡು ಬಯಾಸು ಇದ್ದು, ಅಂಚಿನಲ್ಲಿ ಸಣ್ಣ ಸ್ವಿಚ್ಚು ಇರುತ್ತೆ. ಕಂಪ್ಯೂಟರು ಆರಿಸಿ ಅದನ್ನು ಆಚೆ ತಳ್ಳಿ ನೋಡಬಹುದು. ಆದರೆ ಈಗಿರೋ ಬಯಾಸನ್ನು ಉಳಿಸಿಟ್ಟುಕೊಳ್ಳದೆ ಹೊಸದು ಬರೆಯೋಕೆ ಹೋಗಬೇಡಿ. ಬೇರೆ ಕಾರ್ಡಿನದು ಬರೆದರೆ ತೆರೆಯೇ ಬರದೆ ಕೂರುತ್ತೆ.

ಮೂರನೇದು ಅರ್ಧ ಹೆಸರಿನ ಮಾಲು. 2018ರಲ್ಲಿ ಚೀನಾ ಪೇಟೆಗೆ ‘ಆರ್‌ಎಕ್ಸ್ 580 2048 ಎಸ್‌ಪಿ’ ಅಂತ ಒಂದು ಕಾರ್ಡು ಬಂತು. ಮಾಮೂಲಿ 580ರಲ್ಲಿ ಕೋರು 2304, ಇದರಲ್ಲಿ 2048. ಕೆಲಸದಲ್ಲಿ 570ರ ತೂಕ. ಆ ಕೊನೆಯ ಬಾಲ ಕತ್ತರಿಸಿ ಬರೀ ‘580’ ಅಂತ ಮಾರಿದರೆ ಕೊಳ್ಳೋವನಿಗೆ ಟೋಪಿ. ಜಿಪಿಯು-ಝಡ್‌ನಲ್ಲಿ ‘ಶೇಡರ್ಸ್’ ಅನ್ನೋ ಕಡೆ ಸಂಖ್ಯೆ ನೋಡಿದರೆ ಗುಟ್ಟು ರಟ್ಟು.

ದುಡ್ಡು ಎಣಿಸೋ ಮುಂಚೆ

ತಕ್ಕಡಿ ಹಿಡಿಯೋ ಅಂಗಡಿಯವರಿಗೆ ಹೊಸದಾಗಿ ಹೇಳೋದೇನಿಲ್ಲ, ಅಳೆದು ಕೊಳ್ಳಿ. ಕಾರ್ಡನ್ನು ಮಾರೋವರ ಎದುರೇ ಹಾಕಿಸಿ. ತಯಾರಕರ ಡ್ರೈವರು ಹಾಕಿಸಿ, ಜಿಪಿಯು-ಝಡ್ ತೋರಿಸಿ ಅನ್ನಿ. ನೀವು ದಿನಾ ಮಾಡೋ ಭಾರದ ಕೆಲಸವನ್ನೇ ಅರ್ಧ ಗಂಟೆ ಓಡಿಸಿ, ಮೆಮೊರಿ ತುಂಬೋವರೆಗೆ ಬಿಡಿ. ಹೆಸರು ಸುಳ್ಳು ಹೇಳಬಹುದು, ಕೆಲಸ ಹೇಳೋದಿಲ್ಲ.

ಬಿಲ್ಲಿನಲ್ಲಿ ಪೂರ್ತಿ ಮಾದರಿ, ಮೆಮೊರಿ, ಸೀರಿಯಲ್ ನಂಬರು ಬರೆಸಿ. ನಮ್ಮ ಮಾಲೀಕರ ಬಿಲ್ಲಿನಲ್ಲಿ ಇದ್ದದ್ದು ‘ವಿಜಿಎ ಕಾರ್ಡ್ – 1’ ಅಂತ ಅಷ್ಟೇ. ವಾಪಸ್ಸು ತಗೊಂಡು ಹೋದರೆ “ನಾವೂ ಇನ್ನೊಬ್ರಿಂದ ತಂದದ್ದು ಸಾರ್, ಒಳಗೇನಿದೆ ನಮಗೇನು ಗೊತ್ತು?” ಅಂದರಂತೆ. ಇದ್ದರೂ ಇರಬಹುದು. ಆದರೆ ಹೆಸರು ಹೇಳಿ ಮಾರಿದವರು ಅವರೇ ತಾನೆ? ಪುಣ್ಯಕ್ಕೆ ವ್ಯಾಪಾರದ ದಿನ ಅಂಗಡಿಯವರು ವಾಟ್ಸಾಪಿನಲ್ಲಿ ಮಾದರಿಯ ಹೆಸರು, ಬೆಲೆ ಎರಡೂ ಬರೆದಿದ್ದರು. ಅದು ಇನ್ನೂ ಫೋನಿನಲ್ಲಿದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರಕ್ಕೆ ಕೊಂಡ ಮಾಲಿನವರನ್ನು ಗ್ರಾಹಕರು ಅಂತ ಎಣಿಸೋದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನ ಮಾಡೋದಕ್ಕಾಗಿಯೇ ಕೊಂಡದ್ದಾದರೆ ದೂರು ಕೊಡಬಹುದು. 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು. 5 ಲಕ್ಷದವರೆಗಿನ ಮಾಲಿಗೆ ಶುಲ್ಕ ಇಲ್ಲ. ಮೊದಲು ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ಫೋನು ಮಾಡಿಯೂ ನೋಡಬಹುದು. ಮಾಲೀಕರು ಈಗ ಅದೇ ದಾರಿ ಹಿಡಿದಿದ್ದಾರೆ. ಮದುವೆ ವಿಡಿಯೋವನ್ನು ಗೆಳೆಯರ ಕಂಪ್ಯೂಟರಿನಲ್ಲಿ ರಾತ್ರಿ ಕೂತು ಮುಗಿಸಿಕೊಟ್ಟರು.

ಇಷ್ಟರ ನಡುವೆ ಒಬ್ಬರು ಸ್ಟುಡಿಯೋಗೆ ಬಂದು ಕಪಾಟಿನಲ್ಲಿದ್ದ ಕಾರ್ಡು ನೋಡಿ, “1050 ಟಿಐ ಅಲ್ವಾ? ಮೂರು ಸಾವಿರಕ್ಕೆ ಕೊಡ್ತೀರಾ?” ಅಂದರು. ಕೊಟ್ಟಿದ್ದರೆ ಮೂರು ಸಾವಿರ ಕೈಗೆ ಬರ್ತಿತ್ತು, ಬಸ್ಸಿನಲ್ಲಿ ಇನ್ನೊಬ್ಬರು ಕೂರ್ತಿದ್ದರು. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಆಮೇಲೆ “ಇಲ್ಲಾ ಸ್ವಾಮಿ, ಅದು ಅಲ್ಲ” ಅಂದರು. ಈಗ ಆ ಸ್ಟಿಕ್ಕರಿನ ಮೇಲೆ ಒಂದು ಬಿಳಿ ಚೀಟಿ ಅಂಟಿದೆ: ‘ಜಿಟಿಎಸ್ 450, 1 ಜಿಬಿ’.