ದಾಳ ಬಿದ್ದ ಮೇಲೂ ಮಾತಿದೆ
ಬಳ್ಳಾರಿಯ ಹಾಸ್ಟೆಲ್ ರೂಮಿನಲ್ಲಿ ನಾವು ಐವರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುತ್ತಿದ್ದೆವು. 1974ರಲ್ಲಿ ಅಮೆರಿಕದಲ್ಲಿ ಬಂದ ಆಟ. ಕಥೆ ನಡೆಸುವ 'ಮಾಸ್ಟರ್' ನಾನೇ. ನಿಯಮ ಪುಸ್ತಕವೂ ಕೊನೆಯ ತೀರ್ಮಾನವನ್ನು ಮಾಸ್ಟರ್‌ಗೇ ಬಿಟ್ಟಿದೆ. ಮಾತೇ ಆಡದ ಗೆಳೆಯ ಅಂದು ಕಾವಲುಗಾರನನ್ನು ಮಾತಿನಲ್ಲೇ ಒಲಿಸಲು ಹೊರಟ. ಇಪ್ಪತ್ತು ಮುಖದ ದಾಳದಲ್ಲಿ ಬಿದ್ದದ್ದು ಮೂರು. 'ಸೋತೆ' ಎಂದೆ. ಅವನು ಮತ್ತೆ ಬಾಯಿ ಬಿಡಲಿಲ್ಲ.

ರಜೆಯಲ್ಲಿ ಕುರುಗೋಡಿಗೆ ಬಂದಾಗ ಬಯಲಾಟ ನೋಡಿದೆ. ಹೊಸ ಪಾತ್ರಧಾರಿಯೊಬ್ಬ ಮಾತು ಮರೆತು ನಿಂತ. ಸಾರಥಿ ತಮಾಷೆಯ ಪ್ರಶ್ನೆ ಕೇಳುತ್ತಲೇ ಮರೆತ ಮಾತನ್ನು ನೆನಪಿಗೆ ತಂದ. ಕಥೆಯೂ ಕೆಡಲಿಲ್ಲ, ಹುಡುಗನ ಮಾನವೂ ಉಳಿಯಿತು.

ಮುಂದಿನ ಆಟದಲ್ಲಿ ಗೆಳೆಯನಿಗೆ ದಾಳ ಮತ್ತೆ ಕೈಕೊಟ್ಟಿತು. 'ಕಾವಲುಗಾರ ಬಾಗಿಲು ತೆರೆಯಲಿಲ್ಲ, ಆದರೆ ನಿನ್ನ ಊರು ಯಾವುದೆಂದು ಕೇಳುತ್ತಿದ್ದಾನೆ' ಎಂದೆ. ಅವನು ಹತ್ತು ನಿಮಿಷ ಮಾತಾಡಿದ.