ಕಲ್ಲುದಾರಿಯ ಬೈಕಿಗೆ ಎಂತಹ ಟೈರು?

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡಿನಲ್ಲಿ ಹಿಂದೆ ಎತ್ತಿನ ಗಾಡಿ ಮತ್ತು ತಲೆಹೊರೆಯಿಂದ ಆಗುತ್ತಿದ್ದ ಕೆಲಸದ ಬಹುಪಾಲು ಇಂದು ಬೈಕಿನಿಂದ ಆಗುತ್ತಿದೆ. ಬೆಳಿಗ್ಗೆ ಹಾಲಿನ ಕ್ಯಾನು ಡೇರಿಗೆ ಹೋಗುವುದು ಬೈಕಿನಲ್ಲಿ. ಗೊಬ್ಬರದ ಚೀಲ ತೋಟದ ಮೇಲಿನ ತುದಿಗೆ ಏರುವುದು ಬೈಕಿನಲ್ಲಿ. ಮೆಣಸು, ಏಲಕ್ಕಿ ಪೇಟೆಗೆ ಇಳಿಯುವುದೂ, ಜ್ವರ ಬಂದ ಮಗು ಆಸ್ಪತ್ರೆ ಸೇರುವುದೂ ಬೈಕಿನಲ್ಲಿಯೇ. ಆದರೆ ಡಾಂಬರು ಮುಗಿದ ಮೇಲೆ ಮನೆಯವರೆಗೆ ಇರುವ ದಾರಿ ಎಷ್ಟೋ ಕಡೆ ಹಿಂದಿನಂತೆಯೇ ಕಲ್ಲು, ಕೊರಕಲು, ಕೆಸರು.

ಈ ದಾರಿಯಲ್ಲಿ ಹೊರೆ ಹೊತ್ತ ಬೈಕು ಜಾರಿದರೆ ಮುರಿಯುವುದು ಕನ್ನಡಿ ಮಾತ್ರವಲ್ಲ. ಕೊಯ್ಲಿನ ಕಾಲದಲ್ಲಿ ಕಾಲು ಮುರಿದುಕೊಂಡವನಿಗೆ ಆ ವರ್ಷದ ದುಡಿಮೆಯೇ ಹೋದಂತೆ. ಕಾಡಾನೆಗಳ ಓಡಾಟವಿರುವ ಕಡೆ ಮುಸ್ಸಂಜೆಯ ಹೊತ್ತಿನಲ್ಲಿ ಪಂಕ್ಚರ್ ಆಗಿ ನಿಲ್ಲುವುದಂತೂ ಪ್ರಾಣಕ್ಕೇ ಅಪಾಯ. ಬೈಕು ಕೊಳ್ಳುವಾಗ ಹತ್ತು ಜನರನ್ನು ವಿಚಾರಿಸುವ ನಾವು, ಟೈರು ಕೊಳ್ಳುವಾಗ ಅಂಗಡಿಯವರು ಕೊಟ್ಟದ್ದನ್ನು ಹಾಕಿಸಿಕೊಂಡು ಬರುತ್ತೇವೆ. ಬೈಕಿನ ಭಾರವನ್ನೆಲ್ಲಾ ಹೊತ್ತು ನೆಲವನ್ನು ಮುಟ್ಟುವುದು ಪ್ರತಿ ಚಕ್ರದಲ್ಲೂ ಅಂಗೈಯಷ್ಟು ಜಾಗ ಮಾತ್ರ. ಆದುದರಿಂದ ನೆಲಕ್ಕೆ ತಕ್ಕ ಬೀಜವನ್ನು ಆರಿಸುವಂತೆ ದಾರಿಗೆ ತಕ್ಕ ಟೈರನ್ನು ಆರಿಸುವುದು ಅಗತ್ಯ.

ಮೊದಲು ದಾರಿಯನ್ನು ನೋಡಿ

ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳ ಕಡೆ ಮಳೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಕೆಂಪುಮಣ್ಣು ಬೆಣ್ಣೆಯಂತಾಗಿರುತ್ತದೆ. ಅಲ್ಲಿಂದ ಆಲೂರಿನ ಕಡೆಗೆ, ಪೂರ್ವಕ್ಕೆ ಬಂದಂತೆಲ್ಲಾ ಮಳೆ ಕಡಿಮೆಯಾಗುತ್ತದೆ. ಒಣ ಗರಸು ಮತ್ತು ಸಡಿಲ ಕಲ್ಲಿನ ದಾರಿ ಹೆಚ್ಚಾಗುತ್ತದೆ. ಸವಾರನ ದೃಷ್ಟಿಯಿಂದ ನಮ್ಮ ಕಲ್ಲುದಾರಿಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

1. ಹಾಸುಗಲ್ಲು ಮತ್ತು ನೆಲದಲ್ಲಿ ಊರಿದ ದೊಡ್ಡ ಬಂಡೆ.
2. ಸಡಿಲವಾದ ಜಲ್ಲಿ ಮತ್ತು ಉರುಳುವ ಗುಂಡುಕಲ್ಲು.
3. ಕೆಸರಿನಲ್ಲಿ ಹುದುಗಿದ ಕಲ್ಲು.

ನಿಮ್ಮ ದಾರಿಯಲ್ಲಿ ವರ್ಷದ ಹೆಚ್ಚು ತಿಂಗಳು ಈ ಮೂರರಲ್ಲಿ ಯಾವುದಿದೆ ಎಂಬುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ದೊಡ್ಡ ಬಟನ್ ಎಲ್ಲಕ್ಕೂ ಮದ್ದಲ್ಲ

ಎತ್ತರವಾದ ಬಟನ್‌ಗಳಿರುವ ಟೈರು ಹಾಕಿಸಿದರೆ ಎಂತಹ ದಾರಿಗೂ ಆಯಿತು ಎಂಬ ನಂಬಿಕೆ ಹಳ್ಳಿಗಳಲ್ಲಿ ಇದೆ. ಕೆಸರಿಗೆ ಇದು ನಿಜ. ಕಲ್ಲಿಗೆ ನಿಜವಲ್ಲ.

ಇದನ್ನು ರೈತರಿಗೆ ವಿವರಿಸುವುದು ಸುಲಭ. ಗದ್ದೆ ಕೆಸರು ಮಾಡಲು ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕುತ್ತೇವೆ. ಅದರ ಪಟ್ಟಿಗಳು ಕೆಸರಿನೊಳಗೆ ಇಳಿದು ಗಟ್ಟಿ ತಳವನ್ನು ಒದ್ದು ಮುಂದೆ ಸಾಗುತ್ತವೆ. ಅದೇ ಕೇಜ್ ವೀಲನ್ನು ಹಾಸುಗಲ್ಲಿನ ಮೇಲೆ ಯಾರೂ ಓಡಿಸುವುದಿಲ್ಲ. ಕಲ್ಲಿನೊಳಗೆ ಇಳಿಯಲು ಅದಕ್ಕೆ ಸಾಧ್ಯವಿಲ್ಲ. ಅದು ತುದಿಯ ಮೇಲೆ ನಿಂತು ಜಾರುತ್ತದೆ. ದೂರದೂರ ಇರುವ ಎತ್ತರದ ಬಟನ್‌ಗಳೂ ಕಲ್ಲಿನ ಮೇಲೆ ಹೀಗೆಯೇ ವರ್ತಿಸುತ್ತವೆ. ನೆಲಕ್ಕೆ ತಾಗುವ ರಬ್ಬರು ಕಡಿಮೆಯಾಗುತ್ತದೆ, ಬಟನ್ ಬಾಗುತ್ತದೆ, ಚೂಪುಕಲ್ಲಿಗೆ ಸಿಕ್ಕಿ ಬುಡದಲ್ಲಿ ಹರಿಯುತ್ತದೆ.

ಕಲ್ಲಿನ ಮೇಲೆ ಹಿಡಿತ ಬರುವುದು ರಬ್ಬರು ಕಲ್ಲಿನ ಉಬ್ಬುತಗ್ಗುಗಳಿಗೆ ಒತ್ತಿ ಅಂಟಿಕೊಳ್ಳುವುದರಿಂದ. ಯುರೋಪಿನ ಬೈಕ್ ಸ್ಪರ್ಧೆಗಳಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಮಣ್ಣಿನ ಮೈದಾನದಲ್ಲಿ ವೇಗವಾಗಿ ಓಡಿಸುವ ಮೋಟೊಕ್ರಾಸ್ ಸ್ಪರ್ಧೆಗೆ ಎತ್ತರದ, ಬಿಡಿಬಿಡಿಯಾದ ಬಟನ್‌ಗಳ ಟೈರು. ಕಾಲು ನೆಲಕ್ಕೆ ಊರದೆ ಬಂಡೆಗಳ ಮೇಲೆ ಏರಿ ಇಳಿಯುವ ಟ್ರಯಲ್ಸ್ ಎಂಬ ಸ್ಪರ್ಧೆಗೆ ಮೆದು ರಬ್ಬರಿನ, ಒತ್ತೊತ್ತಾದ ಸಣ್ಣ ಚೌಕಗಳ ಟೈರು. ಬಂಡೆ ಏರುವುದೇ ಕಸುಬಾದವರು ಎತ್ತರದ ಬಟನ್ ಬಳಸುವುದಿಲ್ಲ ಎಂಬುದು ನಮಗೆ ಪಾಠವಾಗಬೇಕು.

ಯಾವ ದಾರಿಗೆ ಯಾವುದು?

ಹಾಸುಗಲ್ಲು ಮತ್ತು ಊರಿದ ಬಂಡೆಯ ದಾರಿಗೆ ಒತ್ತಾದ, ಹೆಚ್ಚು ಎತ್ತರವಿಲ್ಲದ, ಅಗಲ ತಲೆಯ ಚೌಕಗಳಿರುವ ಟೈರು ಉತ್ತಮ. ಅಂಗಡಿಗಳಲ್ಲಿ ಇದನ್ನು ಡ್ಯುಯಲ್ ಪರ್ಪಸ್ ಅಥವಾ ಆನ್-ಆಫ್ ರೋಡ್ ಟೈರು ಎನ್ನುತ್ತಾರೆ. ಸಡಿಲ ಜಲ್ಲಿಯ ದಾರಿಗೂ ಇದೇ ಸಾಕು. ಆದರೆ ಅಂಚಿನಲ್ಲಿಯೂ ಗಟ್ಟಿ ಚೌಕಗಳಿರುವುದನ್ನು ಆರಿಸಬೇಕು. ಕಲ್ಲು ಉರುಳಿದಾಗ ಬೈಕು ಪಕ್ಕಕ್ಕೆ ವಾಲುತ್ತದೆ. ಆಗ ಆಸರೆಯಾಗುವುದು ಅಂಚಿನ ಚೌಕ.

ಕೆಸರು ಮತ್ತು ಕಲ್ಲು ಬೆರೆತ ದಾರಿಗೆ ಚೌಕಗಳ ನಡುವೆ ಸ್ವಲ್ಪ ಹೆಚ್ಚು ಬಿಡುವಿರಬೇಕು. ಇಲ್ಲವಾದರೆ ಮಣ್ಣು ತುಂಬಿಕೊಂಡು ಹೊಸ ಟೈರೂ ಬೋಳು ಟೈರಿನಂತಾಗುತ್ತದೆ. ತೋಟ ಬಿಟ್ಟು ಡಾಂಬರಿಗೆ ಬರುವುದೇ ಅಪರೂಪವಾಗಿದ್ದರೆ ಮಾತ್ರ ಪೂರ್ಣ ಬಟನ್ ಟೈರಿನ ಯೋಚನೆ ಮಾಡಬಹುದು. ದಿನವೂ ಪೇಟೆಗೆ ಬರುವವರಿಗೆ, ಶಿರಾಡಿಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಓಡಾಡುವವರಿಗೆ ಅದು ತಕ್ಕುದಲ್ಲ. ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಾಕಿದಾಗ ಬೈಕು ಮುಂದೆ ಸಾಗಿ ನಿಲ್ಲುತ್ತದೆ. ಬಟನ್‌ಗಳೂ ಬೇಗ ಸವೆಯುತ್ತವೆ.

ಚಕ್ರದ ಗಾತ್ರವನ್ನೂ ನೆನಪಿಡಬೇಕು. ದೊಡ್ಡ ಚಕ್ರ ಕಲ್ಲನ್ನು ಹತ್ತಿ ದಾಟುತ್ತದೆ, ಚಿಕ್ಕ ಚಕ್ರ ಕಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಎಕ್ಸ್‌ಪಲ್ಸ್, ಹಿಮಾಲಯನ್ ಮುಂತಾದ ಬೈಕುಗಳಿಗೆ ಮುಂದೆ 21 ಇಂಚಿನ ಚಕ್ರ ಇರುವುದು ಇದಕ್ಕಾಗಿಯೇ. ಸ್ಪ್ಲೆಂಡರ್‌ನದು 18 ಇಂಚು, ಟಿ.ವಿ.ಎಸ್. ಎಕ್ಸ್.ಎಲ್.ನದು 16 ಇಂಚು. ಇರುವ ಬೈಕಿನ ಚಕ್ರವನ್ನು ಬದಲಿಸುವ ಅಗತ್ಯವಿಲ್ಲ. ಚಿಕ್ಕ ಚಕ್ರದವರು ಅದಕ್ಕೆ ತಕ್ಕಂತೆ ನಿಧಾನವಾಗಿ ಹೋದರೆ ಸಾಕು.

ಟೈರಿನ ಮೇಲಿನ ಅಂಕಿ

ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ಅಂಕಿಗಳು ಗೊಬ್ಬರದ ಚೀಲದ ಮೇಲಿನ ಎನ್.ಪಿ.ಕೆ. ಅಂಕಿಗಳಷ್ಟೇ ಮುಖ್ಯ. ಉದಾಹರಣೆಗೆ 80/100-18 54ಪಿ ಎಂದಿದ್ದರೆ, ಟೈರಿನ ಅಗಲ 80 ಮಿಲಿಮೀಟರ್, ಎತ್ತರ ಆ ಅಗಲದ ಶೇಕಡಾ 100, ರಿಮ್ಮಿನ ಅಡ್ಡಳತೆ 18 ಇಂಚು. ಮುಂದಿನ 54 ಭಾರದ ಗುರುತು. ಕೊನೆಯ ಅಕ್ಷರ ವೇಗದ ಗುರುತು. ಪಿ ಎಂದರೆ ಗಂಟೆಗೆ 150 ಕಿಲೋಮೀಟರ್. ನಮ್ಮ ದಾರಿಗೆ ವೇಗದ ಗುರುತಿಗಿಂತ ಭಾರದ ಗುರುತು ಮುಖ್ಯ.

ಭಾರದ ಗುರುತು 41 ಆದರೆ ಆ ಟೈರು ಹೊರಬಲ್ಲದ್ದು 145 ಕಿಲೋ. 48 ಆದರೆ 180 ಕಿಲೋ, 54 ಆದರೆ 212 ಕಿಲೋ. ಈಗ ಒಂದು ಲೆಕ್ಕ ಹಾಕೋಣ. ಬೈಕು 110 ಕಿಲೋ, ಸವಾರ 65 ಕಿಲೋ, 45 ಕಿಲೋದ ಯೂರಿಯಾ ಚೀಲ ಎರಡು: ಒಟ್ಟು 265 ಕಿಲೋ. ಇದರಲ್ಲಿ ಮೂರರಲ್ಲಿ ಎರಡು ಪಾಲು ಹಿಂದಿನ ಚಕ್ರದ ಮೇಲೆ ಬಿದ್ದರೂ ಅದು ಸುಮಾರು 177 ಕಿಲೋ ಆಗುತ್ತದೆ. ಏರು ಹತ್ತುವಾಗ ಹಿಂದಿನ ಪಾಲು ಇನ್ನೂ ಹೆಚ್ಚು. ಕಲ್ಲಿನಿಂದ ಕಲ್ಲಿಗೆ ಧುಮುಕುವಾಗಿನ ಪೆಟ್ಟು ಬೇರೆ. 48ರ ಗುರುತಿನ ಟೈರಿಗೆ ಇದು ಅಂಚಿನ ಭಾರ. ಆದುದರಿಂದ ಹೊರೆ ಹೊರುವವರು ಹಿಂದಿನ ಚಕ್ರಕ್ಕೆ ಕಂಪನಿ ಹೇಳಿದ ಭಾರದ ಗುರುತಿಗಿಂತ ಕಡಿಮೆಯದನ್ನು ಎಂದಿಗೂ ಹಾಕಿಸಬಾರದು. ಕಡಿದಾದ ಏರಿನಲ್ಲಿ ಎರಡು ಚೀಲವನ್ನು ಎರಡು ಸಲ ಒಯ್ಯುವುದೇ ಜಾಣತನ.

ಅಳತೆಯನ್ನೂ ಕಂಪನಿ ಹೇಳಿದಂತೆಯೇ ಇಡುವುದು ಕ್ಷೇಮ. ನೋಡಲು ಚೆನ್ನಾಗಿರುತ್ತದೆಂದು ಅಗಲದ ಟೈರು ಹಾಕಿಸಿದರೆ ಅದು ಚೈನ್ ಕವರಿಗೋ ಮಡ್‌ಗಾರ್ಡಿಗೋ ಉಜ್ಜುತ್ತದೆ. ನಡುವೆ ಕೆಸರು, ಕಲ್ಲು ಸಿಕ್ಕಿ ಚಕ್ರವೇ ನಿಲ್ಲಬಹುದು.

ಗಾಳಿಯ ವಿಚಾರ

ಗಾಳಿ ಇಳಿಸಿದರೆ ಕಲ್ಲಿನಲ್ಲಿ ಹಿಡಿತ ಹೆಚ್ಚುತ್ತದೆ ಎಂಬ ಮಾತು ಸುಳ್ಳಲ್ಲ. ಮೇಲೆ ಹೇಳಿದ ಟ್ರಯಲ್ಸ್ ಸವಾರರು ಹತ್ತು ಪೌಂಡಿಗಿಂತಲೂ ಕಡಿಮೆ ಗಾಳಿಯಲ್ಲಿ ಓಡಿಸುತ್ತಾರೆ. ಆದರೆ ಅವರ ಬೈಕು ಬಹಳ ಹಗುರ, ಅದಕ್ಕೆ ಹೊರೆಯಿಲ್ಲ. ನಮ್ಮ ಬೈಕಿನಲ್ಲಿ ಹಾಲಿನ ಕ್ಯಾನು, ಗೊಬ್ಬರದ ಚೀಲ. ಗಾಳಿ ಕಡಿಮೆಯಿದ್ದು ಹೊರೆ ಹೆಚ್ಚಿದ್ದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಕಚ್ಚಿಕೊಳ್ಳುತ್ತದೆ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಕಂಡರೆ ಮುಳ್ಳು ಹುಡುಕಬೇಡಿ. ಅದು ಗಾಳಿ ಕಡಿಮೆಯಾದ ಗುರುತು.

ಹೊರೆ ಇರುವಾಗ ಕಂಪನಿಯ ಪುಸ್ತಕದಲ್ಲಿ ಇಬ್ಬರು ಕೂತಾಗ ಇಡಬೇಕೆಂದು ಹೇಳಿದಷ್ಟು ಗಾಳಿ ಹಿಂದಿನ ಚಕ್ರದಲ್ಲಿ ಇರಲೇಬೇಕು. ಟೈರಿನ ಭಾರದ ಗುರುತು ಪೂರ್ಣ ಗಾಳಿಯಿದ್ದಾಗ ಮಾತ್ರ ಅನ್ವಯಿಸುತ್ತದೆ. ಒಬ್ಬರೇ, ಹೊರೆಯಿಲ್ಲದೆ, ನಿಧಾನವಾಗಿ ಕಲ್ಲುದಾರಿ ದಾಟುವಾಗ ಎರಡು-ಮೂರು ಪೌಂಡು ಇಳಿಸಬಹುದು; ಡಾಂಬರಿಗೆ ಬರುವ ಮೊದಲು ಮತ್ತೆ ತುಂಬಿಕೊಳ್ಳಬೇಕು. ಗಾಳಿಯನ್ನು ಬೆಳಿಗ್ಗೆ ಬೈಕು ಹೊರಡುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ಒಂದು ಕೈಪಂಪು ಮತ್ತು ಗಾಳಿ ಅಳೆಯುವ ಚಿಕ್ಕ ಗೇಜು ಮನೆಯಲ್ಲಿರಲಿ.

ಟ್ಯೂಬೋ, ಟ್ಯೂಬ್‌ಲೆಸ್ಸೋ?

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೂ ಗಾಳಿ ನಿಧಾನವಾಗಿ ಹೋಗುತ್ತದೆ. ಟೈರು ಬಿಚ್ಚದೆ ದಾರಿಯಲ್ಲಿಯೇ ಬತ್ತಿ ತುರುಕಿ ಮುಚ್ಚಬಹುದು. ಟ್ಯೂಬು ಕಚ್ಚುವ ತೊಂದರೆಯೂ ಇಲ್ಲ. ಆದರೆ ಅದಕ್ಕೆ ಹೆಚ್ಚಾಗಿ ಬೇಕಾಗುವುದು ಅಲಾಯ್ ಚಕ್ರ. ಬಂಡೆಯ ಪೆಟ್ಟಿಗೆ ಅಲಾಯ್ ಬಿರುಕು ಬಿಟ್ಟರೆ ಕೆಲಸ ಕೆಟ್ಟಿತು. ಕಡ್ಡಿ ಚಕ್ರದ ಉಕ್ಕಿನ ರಿಮ್ಮು ಸೊಟ್ಟಗಾದರೆ ಊರಿನ ಮೆಕ್ಯಾನಿಕ್ಕೇ ಕಡ್ಡಿ ಬಿಗಿದು ತಿದ್ದಬಲ್ಲ. ದಿನವೂ ಕಲ್ಲಿನಲ್ಲಿ ಹೊರೆ ಸಾಗಿಸುವವರಿಗೆ ಕಡ್ಡಿ ಚಕ್ರ ಮತ್ತು ಒಳ್ಳೆಯ ಟ್ಯೂಬು ಇಂದಿಗೂ ನಂಬಿಕೆಯ ಜೋಡಿ. ಹೊಸ ಟೈರಿನೊಂದಿಗೆ ಟ್ಯೂಬನ್ನೂ ಬದಲಿಸಿ. ಹತ್ತು ಪ್ಯಾಚಿನ ಹಳೆಯ ಟ್ಯೂಬು ಉಳಿಸಿ ಲಾಭವಿಲ್ಲ.

ಕೊಳ್ಳುವಾಗ ನೋಡಬೇಕಾದುದು

1. ಐ.ಎಸ್.ಐ. ಗುರುತು. ದ್ವಿಚಕ್ರ ವಾಹನದ ಟೈರಿಗೆ ಇದು ಕಡ್ಡಾಯ.
2. ತಯಾರಾದ ದಿನಾಂಕ. ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಎಂದರೆ 2024ರ 23ನೆಯ ವಾರ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರಿನ ರಬ್ಬರು ಗಟ್ಟಿಯಾಗಿ ಕಲ್ಲಿನಲ್ಲಿ ಜಾರುತ್ತದೆ.
3. ಬಾಣದ ಗುರುತು. ಚಕ್ರ ಉರುಳುವ ದಿಕ್ಕಿಗೆ ಬಾಣ ಇರುವಂತೆ ಹಾಕಿಸಬೇಕು.
4. ಮುಂದಿನ ಚಕ್ರಕ್ಕೆ ರೀಸೋಲ್ ಟೈರಾಗಲಿ, ಹಿಂದಿನಿಂದ ತೆಗೆದ ಹಳೆಯ ಟೈರಾಗಲಿ ಬೇಡ. ಇಳಿಜಾರಿನಲ್ಲಿ ಬೈಕನ್ನು ಹಿಡಿದು ನಿಲ್ಲಿಸುವುದು ಹೆಚ್ಚಾಗಿ ಮುಂದಿನ ಟೈರು.
5. ಹೊಸ ಟೈರಿನ ಮೈ ನುಣುಪಾಗಿರುತ್ತದೆ. ಮೊದಲ 100-150 ಕಿಲೋಮೀಟರ್ ಜಾಗ್ರತೆಯಿಂದ ಓಡಿಸಬೇಕು.

ಚೌಕಗಳ ನಡುವಿನ ಗಾಡಿಯಲ್ಲಿ ಸಣ್ಣ ಉಬ್ಬು ಇರುತ್ತದೆ. ಅದು ಇರುವ ಜಾಗವನ್ನು ಪಕ್ಕೆಯಲ್ಲಿ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳಿಂದ ಅಥವಾ ತ್ರಿಕೋನದಿಂದ ಗುರುತಿಸಿರುತ್ತಾರೆ. ಟೈರು ಸವೆದು ಈ ಉಬ್ಬಿಗೆ ಸಮವಾದರೆ ಅದರ ಆಯುಷ್ಯ ಮುಗಿಯಿತು. ಗುಡ್ಡದ ದಾರಿಯವರು ಅಲ್ಲಿಯವರೆಗೆ ಕಾಯಬಾರದು. ಪಕ್ಕೆಯಲ್ಲಿ ದಾರ ಕಾಣುವಷ್ಟು ಸೀಳು ಅಥವಾ ಊತ ಬಂದಿದ್ದರೆ ಚೌಕ ಎಷ್ಟೇ ಇದ್ದರೂ ಆ ದಿನವೇ ಬದಲಿಸಬೇಕು. ಬದಲಿಸುವುದಿದ್ದರೆ ಮಳೆ ಹಿಡಿಯುವ ಮೊದಲು, ಮೇ ತಿಂಗಳಿನಲ್ಲಿಯೇ ಬದಲಿಸುವುದು ಲೇಸು.

ಕೊನೆಯದಾಗಿ ಒಂದು ಮಾತು. ಪಾಚಿ ಕಟ್ಟಿದ ಒದ್ದೆ ಹಾಸುಗಲ್ಲಿಗೆ ನಂಬಬಹುದಾದ ಟೈರು ಯಾವ ಕಂಪನಿಯಲ್ಲೂ ಇಲ್ಲ. ಅಲ್ಲಿ ಹೊರೆ ಇಳಿಸಿ, ಬೈಕು ತಳ್ಳಿಕೊಂಡು ದಾಟುವುದರಲ್ಲಿ ನಾಚಿಕೆಯಿಲ್ಲ. ಊರಿನವರು ಕೂಡಿ ಮಳೆಗಾಲಕ್ಕೆ ಮೊದಲು ಅಂತಹ ಕಲ್ಲಿನ ಪಾಚಿ ಕೆರೆದು, ಇಳಿಜಾರಿನ ಸಡಿಲ ಕಲ್ಲುಗಳನ್ನು ಬದಿಗೆ ಸರಿಸಿದರೆ, ಒಂದು ದಿನದ ಆ ಶ್ರಮ ಎಲ್ಲರ ಟೈರನ್ನೂ ಎಲ್ಲರ ಕೈಕಾಲನ್ನೂ ಉಳಿಸುತ್ತದೆ.